ಲೆಕ್ಕದಲ್ಲಿಲ್ಲದ ಎರಡು ಮರ

ಮಾವನವರ ನುಡಿನಮನಕ್ಕೆ ಬಂದವರೆಲ್ಲ ಹೇಳಿದ್ದು ಇಷ್ಟೇ: ಅಜಾತಶತ್ರು, ಮಿತಭಾಷಿ, ದೇವರಂಥ ಮನುಷ್ಯ. ಸುಳ್ಳೇನಲ್ಲ. ಆದರೆ ಈ ಮಾತುಗಳನ್ನು ಅರಸೀಕೆರೆ ಸೀಮೆಯಲ್ಲಿ ತೀರಿಹೋದ ಯಾವ ಯಜಮಾನರಿಗೆ ಹೇಳಿದರೂ ಹೊಂದುತ್ತದೆ.

ನನ್ನ ನೆನಪಿನ ಮಾವ ಅಟ್ಟದ ಮೇಲಿದ್ದಾರೆ. ನಮ್ಮ ಕಡೆ ಬೆಳೆಯೆಂದರೆ ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು, ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡುತ್ತದೆ. ಮಾವ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಲೊಟಲೊಟ ಎಂದರೆ ಸುಲಿಯಲು ಕೆಳಕ್ಕೆ, ನೀರಿನ ಸದ್ದು ಬಂದರೆ ಮತ್ತೆ ರಾಶಿಗೆ. ಧಾರಣೆ ಏರಿದೆಯೆಂದು ವ್ಯಾಪಾರಿ ಅವಸರ ಮಾಡಿದರೂ "ಇನ್ನೂ ಆಗಿಲ್ಲ" ಎನ್ನುವುದರಾಚೆ ಮಾತಿಲ್ಲ. ನಾನು, ಓರಗಿತ್ತಿ ಜಗಳ ಹೊತ್ತುಕೊಂಡು ಹೋದಾಗಲೂ ಹಾಗೆಯೇ ಕಿವಿಗೊಟ್ಟು ಕೇಳುವರು. ತೀರ್ಪು ಕೊಟ್ಟದ್ದಿಲ್ಲ.

ನನ್ನ ತವರು ಬೇಲೂರು. ಚೆನ್ನಕೇಶವನಿಗೆ ಕೈಮುಗಿದು ಬರುವುದಷ್ಟೇ ನನ್ನ ರೂಢಿ. ಗೋಡೆ ನೋಡುವುದನ್ನು ಕಲಿಸಿದ್ದು ಮಾವ. ತವರಿಗೆ ಬಿಡಲು ಬರುವಾಗ ಜಾವಗಲ್ ದಾಟಿ ಹಳೇಬೀಡಿನಲ್ಲಿ ನಮ್ಮನ್ನೆಲ್ಲ ಇಳಿಸುವರು. ಹೊಯ್ಸಳೇಶ್ವರನ ಗೋಡೆಯ ತಳದ ಆನೆ ಸಾಲಿಗೆ ಬೆರಳು ತೋರಿಸಿ ಸುಮ್ಮನಾಗುವರು. ಮುಂದೆ ಮಕ್ಕಳೇ ಕಣ್ಣು ಮೇಲೇರಿಸಬೇಕು: ಸಿಂಹ, ಬಳ್ಳಿ, ಕುದುರೆ ಸವಾರರು, ಅದರ ಮೇಲೆ ರಾಮಾಯಣ, ಮಹಾಭಾರತ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸುದ್ದಿಯನ್ನು ಓದಿ ಹೇಳಿದೆ. "ನಮ್ಮ ಶಿವಾಲಯ?" ಎಂದರು. ಅರಸೀಕೆರೆಯ ಶಿವಾಲಯವೂ ಹೊಯ್ಸಳರದ್ದೇ, 1220ರದ್ದು. ಅದರ ನಕ್ಷತ್ರಾಕಾರದ ಮಂಟಪದಂಥದ್ದು ಅಪರೂಪ. ಪಟ್ಟಿಯಲ್ಲಿ ಇಲ್ಲವೆಂದೆ. ಅವರು ಬೇಸರವನ್ನು ಮುಖದಲ್ಲಿ ತೋರಿಸಿದ್ದನ್ನು ನಾನು ಕಂಡದ್ದು ಆವತ್ತೇ.

ಮೌನವನ್ನು ಹೊಗಳುವವರು ಅದರ ಜೊತೆ ಸಂಸಾರ ಮಾಡಿರುವುದಿಲ್ಲ. ಮಾವನಿಗೆ ಜ್ವರ ಬಂದಿದೆಯೆಂದು ತಿಳಿಯಲು ಅತ್ತೆ ಹಣೆ ಮುಟ್ಟಿಯೇ ನೋಡಬೇಕಿತ್ತು. ಮಗಳ ಮದುವೆ ಸಾಲ ತೀರಿದ್ದೂ ಅತ್ತೆಗೆ ತಿಳಿದದ್ದು ಬೇರೆಯವರ ಬಾಯಿಂದ.

ತಿಥಿ ಕಳೆದ ಮೇಲೆ ಕಾಯಿ ಕೀಳುವವನ ಹೆಂಡತಿ ಬಂದು, "ಬೇಲಿ ಮೂಲೆಯ ಎರಡು ಮರದ ಕಾಯಿ ಈ ಸಲವೂ ನಾವೇ ತಗೊಳ್ಳೋದಾ ಅಕ್ಕಾ?" ಎಂದಳು. ಅವಳ ಗಂಡ ನಮ್ಮ ತೋಟದಲ್ಲೇ ಬಿದ್ದು ಕಾಲು ಮುರಿದುಕೊಂಡಿದ್ದ. ಅಂದಿನಿಂದ ಆ ಎರಡು ಮರದ ಫಸಲು ಅವರದ್ದಂತೆ. ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆಮೇಲೆ ಮಾತಾಡಿಸಲು ಬಂದವರನ್ನು, ಮಾವ ಎಂಥವರಾಗಿದ್ದರು ಎಂದು ನಾನು ಕೇಳಲಿಲ್ಲ. ನಿಮಗೂ ಅವರಿಗೂ ಏನು ವ್ಯವಹಾರವಿತ್ತು ಎಂದೇ ಕೇಳಿದೆ. ಆಗ ಬಾಯಿ ಬಿಟ್ಟರು. ಒಬ್ಬರ ಮಗನ ಹಾಸ್ಟೆಲ್ ಫೀಸು, ಇನ್ನೊಬ್ಬರ ಪಂಪ್‌ಸೆಟ್ಟು.

ಮಕ್ಕಳು ವಿಭಾಗಕ್ಕೆ ಕೂತಾಗ ಆ ಎರಡು ಮರದ ಮಾತೂ ಬಂತು. "ಅದನ್ನೂ ಕಾಗದದಲ್ಲಿ ಬರೆದಿಡಿ," ಎಂದರು ಅತ್ತೆ. "ನಿಮ್ಮಪ್ಪನ ಹಾಗೆ ಬಾಯಿ ಮುಚ್ಚಿಕೊಂಡು ಹೋಗಬೇಡಿ."