ಸದಸ್ಯತ್ವದ ವೈದ್ಯಸೇವೆ: ಹಣ ಕಟ್ಟುವ ಮುನ್ನ ಲೆಕ್ಕವೂ ತಿಳಿದಿರಲಿ, ಕಾನೂನೂ ತಿಳಿದಿರಲಿ

ವಯಸ್ಸಾದ ತಂದೆ-ತಾಯಿ ಧಾರವಾಡದಲ್ಲೋ ಮೈಸೂರಿನಲ್ಲೋ ಇಬ್ಬರೇ ಇರುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಅಂಥ ಮನೆಗಳನ್ನು ನೋಡಿಕೊಂಡೇ ಹೊಸ ಬಗೆಯ ಸೇವೆಯೊಂದು ಬೆಳೆದಿದೆ. ವರ್ಷಕ್ಕೆ ಇಷ್ಟು ಎಂದು ಕಟ್ಟಿ ಸದಸ್ಯರಾದರೆ ನಿಮ್ಮನ್ನು ಬಲ್ಲ ಒಬ್ಬರೇ ವೈದ್ಯರು, ಬೇಕೆಂದಾಗ ಫೋನಿನಲ್ಲಿ ಸಲಹೆ, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಏರ್ಪಾಡು, ಸರದಿ ಕಾಯದೆ ಭೇಟಿ. ಕೆಲವರು ಇದನ್ನು ಫ್ಯಾಮಿಲಿ ಕಾರ್ಡ್ ಎನ್ನುತ್ತಾರೆ, ಕೆಲವರು ಹೆಲ್ತ್ ಪ್ಯಾಕೇಜ್, ಇನ್ನು ಕೆಲವರು ಮೆಂಬರ್‌ಶಿಪ್ ಎನ್ನುತ್ತಾರೆ.

ಇದರಿಂದ ಅನುಕೂಲವಾಗುವ ಮನೆಗಳಿವೆ, ಅದರಲ್ಲಿ ಸಂಶಯವಿಲ್ಲ. ಆದರೆ ಹಣ ಕಟ್ಟುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಲೇಬೇಕು. ಈ ಹಣಕ್ಕೆ ನಿಜವಾಗಿ ಸಿಗುವುದೇನು? ಅದರಲ್ಲಿ ಕಾನೂನು ನಮಗೆ ಈಗಾಗಲೇ ಕೊಟ್ಟಿರುವುದು ಎಷ್ಟು?

ಶುಲ್ಕ ಯಾವುದಕ್ಕೆ?

ಈ ಪದ್ಧತಿ ಮೊದಲು ಹೆಸರು ಮಾಡಿದ್ದು ಅಮೆರಿಕದಲ್ಲಿ, 1996ರಲ್ಲಿ ಸಿಯಾಟಲ್ ನಗರದಲ್ಲಿ. ವೈದ್ಯರು ಕಡಿಮೆ ರೋಗಿಗಳನ್ನು ಇಟ್ಟುಕೊಂಡು, ಒಬ್ಬೊಬ್ಬರಿಗೂ ಹೆಚ್ಚು ಸಮಯ ಕೊಟ್ಟು, ಆ ಸಮಯಕ್ಕೆ ವಾರ್ಷಿಕ ಶುಲ್ಕ ಪಡೆಯುವುದು ಅದರ ತಿರುಳು. ಅಲ್ಲಿನ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಕೂಡ ಈ ಸದಸ್ಯತ್ವ ಶುಲ್ಕವನ್ನು ಭರಿಸುವುದಿಲ್ಲ. ನಮ್ಮಲ್ಲಿಯೂ ಹಾಗೆಯೇ: ಸದಸ್ಯತ್ವ ಶುಲ್ಕ ವೈದ್ಯರ ಸಮಯಕ್ಕೆ ಮತ್ತು ಅವರು ಸುಲಭವಾಗಿ ಸಿಗುವುದಕ್ಕೆ ಕೊಡುವ ಮುಂಗಡ. ಅದು ಚಿಕಿತ್ಸೆಯ ಒಟ್ಟು ಖರ್ಚಲ್ಲ.

ಅದು ವಿಮೆಯೂ ಅಲ್ಲ. ಆಸ್ಪತ್ರೆಗೆ ಸೇರಿ ಲಕ್ಷಾಂತರ ರೂಪಾಯಿ ಬಿಲ್ಲಾದರೆ ಸದಸ್ಯತ್ವ ಕಾರ್ಡು ಹೆಚ್ಚೆಂದರೆ ಸ್ವಲ್ಪ ರಿಯಾಯಿತಿ ಕೊಡಿಸೀತು. ಬಿಲ್ಲು ಕಟ್ಟುವವರು ನೀವೇ. 1938ರ ವಿಮಾ ಕಾಯ್ದೆಯಂತೆ ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ನೋಂದಣಿ ಇಲ್ಲದೆ ಯಾರೂ ವಿಮೆ ಮಾರುವಂತಿಲ್ಲ. ‘ಇದೂ ಒಂದು ಬಗೆಯ ಇನ್ಶೂರೆನ್ಸ್ ಸಾರ್’ ಎಂದು ಯಾರಾದರೂ ಹೇಳಿದರೆ ವಿಮಾ ಕಂಪನಿಯ ಹೆಸರು, ನೋಂದಣಿ ಸಂಖ್ಯೆ, ಪಾಲಿಸಿ ಪತ್ರ ಕೇಳಿ. ಈ ಮೂರೂ ಇಲ್ಲದಿದ್ದರೆ ಅದು ಕಾರ್ಡು ಮಾತ್ರ. ಕಾರ್ಡು ಸಿಕ್ಕಿತೆಂದು ಇರುವ ಆರೋಗ್ಯ ವಿಮೆಯ ಕಂತು ನಿಲ್ಲಿಸಬೇಡಿ.

ಲೆಕ್ಕ ಹಾಕುವುದು ಹೇಗೆ?

ಉದಾಹರಣೆಗೆ, ಒಂದು ಯೋಜನೆಯ ವಾರ್ಷಿಕ ಶುಲ್ಕ 24,000 ರೂ. ಎಂದಿಟ್ಟುಕೊಳ್ಳೋಣ. ವೈದ್ಯರ ಭೇಟಿ, ಫೋನ್ ಸಲಹೆ, ತಿಂಗಳಿಗೊಮ್ಮೆ ಮನೆಭೇಟಿ, ವರ್ಷಕ್ಕೆ ಎರಡು ಸಲ ರಕ್ತ ಪರೀಕ್ಷೆ ಅದರಲ್ಲಿ ಸೇರಿವೆ. ನಿಮ್ಮ ತಾಯಿ ಕಳೆದ ವರ್ಷ ವೈದ್ಯರ ಬಳಿ ಹತ್ತು ಸಲ ಹೋಗಿ, ಸಲಕ್ಕೆ 600ರಂತೆ 6,000 ರೂ. ಕೊಟ್ಟಿದ್ದಾರೆ. ಎರಡು ಸಲದ ರಕ್ತ ಪರೀಕ್ಷೆಗೆ 5,000 ರೂ. ಆಗಿದೆ. ಒಟ್ಟು 11,000. ಉಳಿದ 13,000 ರೂ. ಮನೆಭೇಟಿಗೆ ಮತ್ತು ಫೋನ್ ಸಲಹೆಗೆ ನೀವು ಕೊಡುವ ಬೆಲೆ.

ನಡೆಯಲು ಕಷ್ಟವಿರುವ, ಜೊತೆಗೆ ಕರೆದೊಯ್ಯುವವರಿಲ್ಲದ ಹಿರಿಯರಿಗೆ ಆ 13,000 ಸಾರ್ಥಕವಾಗಬಹುದು. ಓಡಾಡಿಕೊಂಡಿರುವ, ಮನೆ ಹತ್ತಿರವೇ ನಂಬಿಕೆಯ ಡಾಕ್ಟರು ಇರುವವರಿಗೆ ಅಗತ್ಯವಿಲ್ಲದಿರಬಹುದು. ಇದನ್ನು ತೀರ್ಮಾನಿಸಬೇಕಾದವರು ಮಾರಾಟದ ಪ್ರತಿನಿಧಿಯಲ್ಲ, ಕಳೆದ ವರ್ಷದ ರಸೀದಿಗಳನ್ನು ಮುಂದಿಟ್ಟುಕೊಂಡ ನೀವು.

ಶುಲ್ಕದ ಹೊರಗೆ ಉಳಿಯುವುದನ್ನೂ ಪಟ್ಟಿ ಮಾಡಿ. ಔಷಧ, ಸ್ಕ್ಯಾನಿಂಗ್, ತಜ್ಞರ ಭೇಟಿ, ಆಂಬುಲೆನ್ಸ್, ರಾತ್ರಿ ಹೊತ್ತಿನ ಮನೆಭೇಟಿ, ಆಸ್ಪತ್ರೆ ದಾಖಲಾತಿ ಬಹಳಷ್ಟು ಯೋಜನೆಗಳಲ್ಲಿ ಹೊರಗೇ ಇರುತ್ತವೆ. ‘ಅನಿಯಮಿತ ಸಲಹೆ’ ಎಂದಿದ್ದರೆ ಸಲಹೆ ಕೊಡುವವರು ಅದೇ ವೈದ್ಯರೋ, ಆ ಹೊತ್ತಿಗೆ ಸಿಕ್ಕ ಬೇರೆಯವರೋ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಶುಲ್ಕ ಕೊಡದೆಯೂ ನಿಮ್ಮದಾಗಿರುವ ಹಕ್ಕುಗಳು

ಸದಸ್ಯರಿಗೆಂದೇ ವಿಶೇಷ ಸೌಲಭ್ಯ ಎಂದು ತೋರಿಸುವ ಕೆಲವು ಸಂಗತಿಗಳು ಎಲ್ಲ ರೋಗಿಗಳ ಹಕ್ಕುಗಳೇ. ಅವುಗಳಿಗೆ ಬೆಲೆ ಕೊಡಬೇಕಿಲ್ಲ.

• ತುರ್ತು ಚಿಕಿತ್ಸೆ: ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮುಂಗಡ ಕೇಳದೆ ಪ್ರಥಮ ಚಿಕಿತ್ಸೆ ಕೊಡಬೇಕೆಂದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007 (ಕೆಪಿಎಂಇ) ಹೇಳುತ್ತದೆ. ಜೀವ ಉಳಿಸುವುದು ವೈದ್ಯರ ಮೊದಲ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲೇ ಹೇಳಿದೆ. ಕಾರ್ಡಿಲ್ಲ ಎಂದು ಯಾರನ್ನೂ ಬಾಗಿಲಲ್ಲಿ ನಿಲ್ಲಿಸುವಂತಿಲ್ಲ.

• ದರ ತಿಳಿಯುವ ಹಕ್ಕು: ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳು ದರಪಟ್ಟಿ ಪ್ರದರ್ಶಿಸಬೇಕೆಂಬುದು ಇದೇ ಕಾಯ್ದೆಯ ನಿಯಮ. ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿ ಇನ್ನೂ ಸ್ಪಷ್ಟವಾಗಿದೆ: ಶುಲ್ಕ ಎಷ್ಟೆಂದು ಸೇವೆಗೆ ಮೊದಲೇ ತಿಳಿಸಬೇಕು, ಚಿಕಿತ್ಸೆ ಶುರುವಾದ ಮೇಲಲ್ಲ.

• ದಾಖಲೆಗಳು: ರೋಗಿಯೋ ಅವರು ಅಧಿಕಾರ ಕೊಟ್ಟವರೋ ಕೇಳಿದರೆ ವೈದ್ಯಕೀಯ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಸದಸ್ಯತ್ವ ಬಿಟ್ಟವರಿಗೂ ಈ ಹಕ್ಕು ಉಂಟು.

• ಆಯ್ಕೆ: ಔಷಧ ಎಲ್ಲಿ ಕೊಳ್ಳಬೇಕು, ಪರೀಕ್ಷೆ ಎಲ್ಲಿ ಮಾಡಿಸಬೇಕು ಎಂಬುದು ರೋಗಿಯ ಇಷ್ಟ. ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ರಾಜ್ಯಗಳಿಗೆ ಕಳಿಸಿದ ರೋಗಿಗಳ ಹಕ್ಕುಪತ್ರದಲ್ಲಿ ಇದೂ ಇದೆ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವ ಹಕ್ಕೂ ಇದೆ. ರೋಗಿಯನ್ನು ಕಳಿಸಿಕೊಟ್ಟದ್ದಕ್ಕೆ ವೈದ್ಯರು ಕಮಿಷನ್ ಪಡೆಯುವುದನ್ನು 2002ರ ನಿಯಮಾವಳಿ ನಿಷೇಧಿಸಿದೆ.

ಕರಾರಿನಲ್ಲಿ ಏನು ನೋಡಬೇಕು?

ಮೊದಲು, ಹಣ ವಾಪಸಿನ ಷರತ್ತು. ‘ಕಟ್ಟಿದ ಹಣ ಯಾವ ಕಾರಣಕ್ಕೂ ಹಿಂದಿರುಗಿಸುವುದಿಲ್ಲ’ ಎಂಬ ಸಾಲು ಸಾಮಾನ್ಯ. ನಿಮ್ಮ ಮನಸ್ಸು ಬದಲಾಗಿ ಬಿಟ್ಟುಬಿಡುವುದು ಬೇರೆ. ಅವರು ಹೇಳಿದ ಸೇವೆಯನ್ನೇ ಕೊಡದಿರುವುದು ಬೇರೆ. ಎರಡನೆಯದರಲ್ಲಿ ಆ ಸಾಲು ಅವರನ್ನು ಕಾಯುವುದಿಲ್ಲ. ಕೊರತೆಯ ಸೇವೆಗೆ ಪಡೆದ ಹಣವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನಗಳಲ್ಲಿ ಹಿಂದಿರುಗಿಸಲು ನಿರಾಕರಿಸುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಸಕಾರಣವಿಲ್ಲದೆ ಒಂದೇ ಕಡೆಯವರು ಕರಾರು ಮುರಿಯಬಹುದೆಂಬಂಥ ಷರತ್ತುಗಳು ‘ಅನುಚಿತ ಕರಾರು’ ಎನಿಸಿಕೊಳ್ಳುತ್ತವೆ.

ಸದಸ್ಯರು ವರ್ಷದ ನಡುವೆ ತೀರಿಕೊಂಡರೆ ಅಥವಾ ವೈದ್ಯರೇ ಕೆಲಸ ಬಿಟ್ಟರೆ ಉಳಿದ ತಿಂಗಳುಗಳ ಹಣ ಏನಾಗುತ್ತದೆ? ಕೇಳಲು ಸಂಕೋಚವಾಗುವ ಪ್ರಶ್ನೆ ಇದು. ಹಿರಿಯರಿಗಾಗಿ ಕಟ್ಟುವ ಹಣವಾದ್ದರಿಂದ ಕೇಳಲೇಬೇಕಾದ ಪ್ರಶ್ನೆಯೂ ಹೌದು.

ಎರಡನೆಯದು, ತಾನಾಗಿ ನವೀಕರಣ. ಕಾರ್ಡು ಅಥವಾ ಯುಪಿಐ ಮೂಲಕ ಆಟೋ ಡೆಬಿಟ್ ಒಪ್ಪಿದ್ದರೆ, ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು, 15,000 ರೂ. ಮೀರಿದ ಇಂಥ ಕಡಿತಕ್ಕೆ ಪ್ರತಿ ಸಲವೂ ನಿಮ್ಮ ಹೆಚ್ಚುವರಿ ದೃಢೀಕರಣ ಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ. ಒಪ್ಪಿಗೆಯನ್ನು ನೀವು ಯಾವಾಗ ಬೇಕಾದರೂ ಹಿಂಪಡೆಯಬಹುದು. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂತೆ ಆ್ಯಪ್ ರೂಪಿಸುವುದನ್ನೂ, ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಗೆ ಏರಿಸುವುದನ್ನೂ 2023ರ ಕೇಂದ್ರ ಮಾರ್ಗಸೂಚಿಗಳು ನಿಷೇಧಿಸಿವೆ.

ಮೂರನೆಯದು, ವ್ಯಾಜ್ಯದ ಷರತ್ತು. ‘ತಕರಾರುಗಳು ಮಧ್ಯಸ್ಥಿಕೆದಾರರ ಮುಂದೆ ಮಾತ್ರ’ ಎಂದು ಬರೆದಿದ್ದರೂ ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಖಚಿತಪಡಿಸಿದೆ.

ಬಿಲ್ಲು ಬಿಡಿಸಿ ಕೇಳಿ

ವೈದ್ಯರು ಮತ್ತು ಆಸ್ಪತ್ರೆಗಳು ಕೊಡುವ ಚಿಕಿತ್ಸೆ ಬಹುಮಟ್ಟಿಗೆ ಜಿಎಸ್‌ಟಿಯಿಂದ ಹೊರಗಿದೆ. ಸದಸ್ಯತ್ವದ ಬಿಲ್ಲಿನಲ್ಲಿ ತೆರಿಗೆ ಸೇರಿದ್ದರೆ ಅದು ಯಾವ ಸೇವೆಗೆ ಎಂದು ಕೇಳಿ. ಚಿಕಿತ್ಸೆಗೆ ಎಷ್ಟು, ಇತರ ಅನುಕೂಲಗಳಿಗೆ ಎಷ್ಟು ಎಂದು ಬೇರೆ ಬೇರೆ ತೋರಿಸಿದ ಬಿಲ್ಲು ಆದಾಯ ತೆರಿಗೆಗೂ ಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮುನ್ನೆಚ್ಚರಿಕೆಯ ಆರೋಗ್ಯ ತಪಾಸಣೆಗೆ 5,000 ರೂ.ವರೆಗೆ ಕಡಿತ ಉಂಟು. ಆರೋಗ್ಯ ವಿಮೆ ಇಲ್ಲದ, 60 ದಾಟಿದವರ ವೈದ್ಯಕೀಯ ಖರ್ಚಿಗೆ 50,000 ರೂ.ವರೆಗೆ ಕಡಿತ ಉಂಟು. ಆ ಖರ್ಚು ನಗದಿನಲ್ಲಿ ಕೊಟ್ಟದ್ದಾಗಿರಬಾರದು. ‘ಮೆಂಬರ್‌ಶಿಪ್ ಫೀಸು’ ಎಂದಷ್ಟೇ ಬರೆದ ರಸೀದಿ ಇಟ್ಟುಕೊಂಡು ಈ ಕಡಿತ ಕೇಳುವುದು ಕಷ್ಟ.

ಅನ್ಯಾಯವಾದರೆ ದಾರಿ

1. ಮೊದಲು ಬರಹದಲ್ಲಿ ದೂರು ಕೊಡಿ. ಇಮೇಲ್ ಆದರೂ ಸಾಕು. ಯಾವ ದಿನ ಯಾವ ಸೇವೆ ಸಿಗಲಿಲ್ಲ, ನಿಮಗೆ ಬೇಕಾದದ್ದು ಏನು, ಎಷ್ಟು ದಿನಗಳಲ್ಲಿ ಎಂದು ಬರೆಯಿರಿ. ಕರಾರು, ರಸೀದಿ, ಜಾಹೀರಾತು, ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ.

2. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಎಷ್ಟೋ ರಿಫಂಡ್ ತಕರಾರುಗಳು ವ್ಯಾಜ್ಯಕ್ಕೆ ಹೋಗದೆ ಇಲ್ಲೇ ಬಗೆಹರಿಯಬಹುದು.

3. ಆಸ್ಪತ್ರೆ, ಕ್ಲಿನಿಕ್‌ಗಳು ದರಪಟ್ಟಿ ಮತ್ತು ರೋಗಿಗಳ ಹಕ್ಕುಗಳನ್ನು ಮೀರಿದ್ದರೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಕೆಪಿಎಂಇ ಕಾಯ್ದೆಯಡಿ ಇರುವ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ದೂರು ಕೊಡಬಹುದು.

4. ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಶುಲ್ಕ ಪಡೆದು ಕೊಡುವ ವೈದ್ಯಸೇವೆ ಗ್ರಾಹಕ ಕಾನೂನಿನಡಿ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂ.ವರೆಗೆ ಇದ್ದರೆ ಆಯೋಗಕ್ಕೆ ಶುಲ್ಕವಿಲ್ಲ. ತೊಂದರೆಯಾದ ಎರಡು ವರ್ಷಗಳೊಳಗೆ ದೂರು ಹಾಕಬೇಕು. ವಕೀಲರು ಕಡ್ಡಾಯವಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಕರಾರಿನ ಷರತ್ತೇ ಅನುಚಿತ ಎಂಬುದು ನಿಮ್ಮ ದೂರಾದರೆ ಮಾತ್ರ ರಾಜ್ಯ ಆಯೋಗಕ್ಕೆ ಹೋಗಬೇಕು.

5. ಕಾನೂನು ನೆರವು ಬೇಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ಪರದೇಶದಲ್ಲಿರುವ ಮಕ್ಕಳು ಒಂದು ಮಾತು ಗಮನಿಸಬೇಕು. ಹಣ ಕಟ್ಟಿದವರು ನೀವು, ಸೇವೆ ಪಡೆಯುವವರು ಊರಿನಲ್ಲಿರುವ ತಂದೆ-ತಾಯಿ. ಹಣ ಕೊಟ್ಟವರ ಒಪ್ಪಿಗೆಯಿಂದ ಸೇವೆ ಪಡೆದವರೂ ‘ಗ್ರಾಹಕ’ರೇ ಎಂದು ಕಾಯ್ದೆ ಹೇಳುತ್ತದೆ. ಹಾಗಾಗಿ ಅವರೇ ತಮ್ಮ ಜಿಲ್ಲೆಯಲ್ಲಿ ದೂರು ಕೊಡಬಹುದು. ಕರಾರಿನ ಒಂದು ಪ್ರತಿ ಮತ್ತು ಹಣ ಪಾವತಿಯ ರಸೀದಿ ಅವರ ಕೈಯಲ್ಲೂ ಇರುವಂತೆ ನೋಡಿಕೊಳ್ಳಿ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಷರತ್ತುಗಳನ್ನು ವಿವರಿಸಿ.

ಒಳ್ಳೆಯ ವೈದ್ಯರ ಸಮಯಕ್ಕೆ ಬೆಲೆಯಿದೆ, ಅದನ್ನು ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಎಷ್ಟು ಕೊಡುತ್ತೇವೆ, ಯಾವುದಕ್ಕೆ ಕೊಡುತ್ತೇವೆ, ಸಿಗದಿದ್ದರೆ ಹೇಗೆ ಹಿಂಪಡೆಯುತ್ತೇವೆ ಎಂಬ ಮೂರಕ್ಕೂ ಬರಹದಲ್ಲಿ ಉತ್ತರ ಸಿಕ್ಕ ಮೇಲೆಯೇ ಸಹಿ ಹಾಕಿ. ಉತ್ತರ ಕೊಡಲು ಹಿಂಜರಿಯುವ ಸಂಸ್ಥೆಗೆ ನಿಮ್ಮ ಹಿರಿಯರ ಆರೋಗ್ಯವನ್ನು ಒಪ್ಪಿಸಬೇಡಿ.