ಮೊದಲು ಮ್ಯಾಟ್ ಎತ್ತಿ ನೋಡಪ್ಪ

ನಿಮ್ಮಪ್ಪನ ಮಾರುತಿ 800 ಮೈಸೂರು ಬಿಟ್ಟು ಕಾಶಿ ಸೇರಿತು ಅಂತ ಕೇಳಿ ಖುಷಿಯಾಯಿತು. ಅದರ ಬೆನ್ನಿಗೇ ನಿನ್ನ ದೂರೂ ಬಂತು. ಎಡಗಡೆ ಕಾಲಿಡುವ ಜಾಗ ಒದ್ದೆ, ಬಾಗಿಲು ತೆರೆದರೆ ಮುಗ್ಗಲು ವಾಸನೆ, ಮ್ಯಾಟ್ ಮೂಲೆ ಎತ್ತಿದರೆ ಕಂದು ಹಕ್ಕಳೆ. ತೋರಿಸಿದ ಕೂಡಲೇ ಡೆಂಟರ್ 'ಫ್ಲೋರ್ ಗಲ್ ಗಯಾ', ನೆಲ ಕೊಳೆತಿದೆ ಅಂದನಂತೆ, ಗಾಡಿ ಬಿಟ್ಟುಹೋಗಿ, ಚದ್ದರ್ ಹೊಡೆದು ಕೊಡುತ್ತೇನೆ ಅಂದನಂತೆ. ಇವತ್ತೇ ಬಿಡಬೇಡ. ನಮ್ಮ ಕಡೆಯ ಟಿಂಕರ್ ಆಗಲಿ ಇಲ್ಲಿನ ಡೆಂಟರ್ ಆಗಲಿ, ಅವರಿಗೆ ಗೊತ್ತಿರುವುದು ತಗಡಿನ ಕೆಲಸ. ನಿನ್ನ ಗಾಡಿಗೆ ಮೊದಲು ಬೇಕಾಗಿರುವುದು ನೀರಿನ ಕೆಲಸ. ನೀರು ಎಲ್ಲಿಂದ ಬರುತ್ತಿದೆ ಅಂತ ತಿಳಿಯದೆ ಹೊಸ ತಗಡು ಹಾಕಿಸಿದರೆ ಎರಡು ಮಳೆಗಾಲ ಕಳೆಯುವುದರೊಳಗೆ ಅದೂ ಹಕ್ಕಳೆಯೇ.

ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನಲ್ಲಿ ನಾನು ಕಬ್ಬಿಣದ ಜೊತೆಗೇ ವಯಸ್ಸು ಕಳೆದವನು. ಈಗ ಅದಕ್ಕೆ ಬನಾರಸ್ ಲೋಕೋಮೋಟಿವ್ ವರ್ಕ್ಸ್ ಅಂತ ಹೆಸರು. ನನ್ನ ಬಾಯಿಗೆ ಇನ್ನೂ ಡಿಎಲ್‌ಡಬ್ಲ್ಯೂನೇ. ಕಬ್ಬಿಣ ನೆನೆದರೆ ಹಾಳಾಗುವುದಿಲ್ಲ. ನೆನೆದು, ಒಣಗಲು ಬಿಡದೆ ಹಾಗೇ ಇಟ್ಟರೆ ಹಾಳಾಗುತ್ತದೆ. ಮಳೆಯಲ್ಲಿ ತೊಯ್ದ ಬಾನೆಟ್ ಬಿಸಿಲು ಬಂದರೆ ಕಾಲು ಗಂಟೆಯಲ್ಲಿ ಒಣಗುತ್ತದೆ. ಕಾರ್ಪೆಟ್ ಅಡಿಯ ಫೆಲ್ಟು ಮಾತ್ರ ಒಂದು ಸಲ ಕುಡಿದ ನೀರನ್ನು ವಾರಗಟ್ಟಲೆ ಹಿಡಿದುಕೊಂಡಿರುತ್ತದೆ, ಅಡಿಯ ತಗಡು ಅಷ್ಟೂ ದಿನ ಒದ್ದೆ ಬಟ್ಟೆ ಸುತ್ತಿಕೊಂಡ ಹಾಗೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತದೆ, ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಪೇಂಟು ಗುಳ್ಳೆ ಏಳುವುದು ಅದಕ್ಕೇ. ಮೇಲೆ ಗುಳ್ಳೆ ಕಂಡಿದೆ ಅಂದರೆ ಅಡಿಯಲ್ಲಿ ಕೆಲಸ ಯಾವಾಗಲೋ ಶುರುವಾಗಿದೆ.

ಹಾಗಾಗಿ ಮೊದಲು ಅದು ಯಾವ ನೀರು ಅಂತ ನೋಡು. ಬೆರಳು ಅದ್ದಿ ಮೂಸಿದರೆ ಅರ್ಧ ಉತ್ತರ ಸಿಗುತ್ತದೆ. ತಣ್ಣಗೆ, ಸ್ವಚ್ಛವಾಗಿ, ವಾಸನೆಯಿಲ್ಲದೆ, ಎಸಿ ಹಾಕಿದ ದಿನ ಮಾತ್ರ ಬಂದರೆ ಅದು ಎಸಿಯ ನೀರು. ಅದು ಹೊರಗೆ ಹೋಗುವ ಸಣ್ಣ ರಬ್ಬರ್ ಪೈಪು ಧೂಳಿನಿಂದ ಕಟ್ಟಿಕೊಂಡಿರುತ್ತದೆ. ಈ ಊರಿನ ಧೂಳು ನಿನಗೆ ಗೊತ್ತೇ ಇದೆ. ಗಾಡಿ ಅಡಿಯಿಂದ ಆ ಪೈಪಿನ ಬಾಯಿ ಹುಡುಕಿ ಮೆಲ್ಲಗೆ ಊದಿಸಿದರೆ ಮುಗಿಯಿತು. ಸಿಹಿ ವಾಸನೆ, ಬೆರಳಿಗೆ ಜಿಡ್ಡು, ಒಳಗಿಂದ ಗಾಜಿನ ಮೇಲೆ ಅಂಟಂಟು ಮಂಜು ಇದ್ದರೆ ಅದು ಹೀಟರ್‌ನ ಕೂಲೆಂಟ್. ಮೈಸೂರಿನಲ್ಲಿ ಹೀಟರ್ ಯಾರೂ ಮುಟ್ಟುವುದಿಲ್ಲ; ಇಲ್ಲಿ ಜನವರಿಯ ಕೊಹರಾ, ಅಂದರೆ ದಟ್ಟ ಮಂಜಿನಲ್ಲಿ ವರ್ಷಗಳ ನಂತರ ಮೊದಲ ಸಲ ಹಾಕುತ್ತೀಯ, ಹಳೇ ಹೋಸ್ ಜಿನುಗಿದರೆ ಆಶ್ಚರ್ಯವಿಲ್ಲ. ಅದನ್ನು ತಡಮಾಡಬೇಡ, ಎಂಜಿನ್ನೇ ಕಾದು ಕೂತೀತು. ಕೆಸರು ಬಣ್ಣ, ಎಲೆಯ ಚೂರು, ಮಳೆ ಬಂದ ಮರುದಿನ ಹೆಚ್ಚು ಅಂದರೆ ಮಳೆನೀರು. ನಿನ್ನದು ಅದೇ ಇರಬೇಕು ಅಂತ ನನ್ನ ಊಹೆ. ಎಡಗಡೆ ಅಂದೆಯಲ್ಲ, ಬ್ಲೋವರ್ ಇರುವುದು ಆ ಕಡೆಗೇ.

ಮುಂದಿನ ಗಾಜಿನ ಅಡಿ, ವೈಪರ್ ಇರುವ ಕಡೆ ಕಪ್ಪು ಜಾಲರಿ ಇದೆಯಲ್ಲ, ಮಳೆನೀರು ಅದರೊಳಗೆ ಬೀಳುವುದು ಸಹಜ. ಬೀಳಲಿ ಅಂತಲೇ ಮಾಡಿರುವುದು. ಅಡಿಯಲ್ಲಿ ಎರಡು ಕಡೆ ಅದಕ್ಕೆ ಹೊರದಾರಿ ಇರುತ್ತದೆ. ನೀನು ಗಾಡಿ ನಿಲ್ಲಿಸುವುದು ಬೇವಿನ ಮರದ ಕೆಳಗೆ. ಆ ಎಲೆಯೆಲ್ಲ ಜಾಲರಿಯೊಳಗೆ ಸೇರಿ, ಕೊಳೆತು, ಗೊಬ್ಬರವಾಗಿ, ಆ ದಾರಿ ಮುಚ್ಚುತ್ತದೆ. ನೀರು ಒಳಗೇ ಏರಿ ಬ್ಲೋವರ್ ಬಾಯಿಂದ ನಿನ್ನ ಕಾಲ ಹತ್ತಿರ ಇಳಿಯುತ್ತದೆ. ಬಾಗಿಲುಗಳದ್ದೂ ಇದೇ ಕಥೆ. ಕಿಟಕಿ ಗಾಜಿನ ಪಕ್ಕದಿಂದ ಬಾಗಿಲೊಳಗೆ ಇಳಿದ ನೀರು ಕೆಳಗಿನ ತೂತುಗಳಿಂದ ಹೊರಹೋಗಬೇಕು. ತೂತು ಮುಚ್ಚಿದರೆ ಬಾಗಿಲೇ ಟ್ಯಾಂಕು. ತಿರುವಿನಲ್ಲಿ ಸಳಸಳ ಸದ್ದು ಕೇಳುತ್ತದೆ. ಒಂದು ಮೆತ್ತನೆ ತಂತಿ ತಗೊಂಡು ಎಲ್ಲ ತೂತು ಬಿಡಿಸು. ಒಳಗಿನ ಟ್ರಿಮ್ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಹಿಂದೆ ಸ್ಪೀಕರ್ ಹಾಕಿದವನು ಹರಿದೆಸೆದಿರುತ್ತಾನೆ, ಅದನ್ನೂ ಮತ್ತೆ ಅಂಟಿಸಬೇಕು.

ನೀರು ಬಾರದ ಹಾಗೆ ಮುಚ್ಚುವುದರಲ್ಲೇ ಎಲ್ಲರ ಬುದ್ಧಿ ಓಡುತ್ತದೆ, ಹೋಗುವ ದಾರಿ ಬಿಡಿಸುವುದು ಯಾರಿಗೂ ಹೊಳೆಯುವುದಿಲ್ಲ. ಈ ಊರಿಗೇ ಅದು ಹೊಳೆದದ್ದು ತಡವಾಗಿ. 1820ರಲ್ಲಿ ಇಲ್ಲಿನ ಟಂಕಸಾಲೆಗೆ ಬಂದ ಜೇಮ್ಸ್ ಪ್ರಿನ್ಸೆಪ್, ಮುಂದೆ ಅಶೋಕನ ಬ್ರಾಹ್ಮಿ ಲಿಪಿ ಓದಿದನಲ್ಲ ಅದೇ ಮಹಾನುಭಾವ, ಊರೊಳಗೆ ನಿಂತು ನಾರುತ್ತಿದ್ದ ಕೊಳಗಳ ನೀರು ಹರಿದುಹೋಗಲು ನೆಲದಡಿ ಕಮಾನು ಸುರಂಗ ಕಟ್ಟಿಸಿದ. ನಿನ್ನ ಗಾಡಿಗೆ ಒಂದು ತಂತಿ ಸಾಕು.

ದಾರಿಗಳೆಲ್ಲ ಬಿಟ್ಟ ಮೇಲೂ ಒದ್ದೆಯಾದರೆ ಆಗ ಬರುವ ದಾರಿ ಹುಡುಕು. ಸೀಟು ಬಿಚ್ಚು, ಕಾರ್ಪೆಟ್ ಎತ್ತು, ತಗಡು ಒಣಗಿಸಿ ಮೇಲೆ ಹಳೇ ಪೇಪರ್ ಹಾಸು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗೆ ಪೈಪು ಹಿಡಿಯಬೇಕು. ನೀರು ಸಣ್ಣಗೆ ಬರಲಿ, ವಾಷಿಂಗ್ ಸೆಂಟರಿನ ಪ್ರೆಷರ್ ಬೇಡ. ಅದು ಸರಿಯಿರುವ ರಬ್ಬರಿನೊಳಗೂ ನುಗ್ಗುತ್ತದೆ. ಕೆಳಗಿನಿಂದ ಶುರುಮಾಡಿ ಒಂದೊಂದೇ ಜಾಗ, ಪ್ರತಿ ಜಾಗದಲ್ಲೂ ಐದಾರು ನಿಮಿಷ, ಆಮೇಲೆ ಮೇಲಕ್ಕೆ. ಮೊದಲೇ ಚಾವಣಿ ಮೇಲೆ ಸುರಿದರೆ ಎಲ್ಲ ಕಡೆಯೂ ನೆನೆದು ಏನೂ ಗೊತ್ತಾಗುವುದಿಲ್ಲ. ಒದ್ದೆ ಕಂಡ ಕಡೆಯೇ ತೂತು ಅಂತ ನಂಬಬೇಡ. ಗಾಜಿನ ಮೂಲೆಯಲ್ಲಿ ಹೊಕ್ಕ ನೀರು ಕಂಬದೊಳಗೆ ಇಳಿದು, ವೈರಿನ ಗುಂಟ ಹರಿದು, ಸೀಟಿನಡಿ ಹೊರಬರಬಹುದು. ಅನುಮಾನದ ಕಡೆ ಪೌಡರ್ ಉದುರಿಸಿದರೆ ನೀರು ಓಡಿದ ಗೆರೆ ಅದರಲ್ಲೇ ಮೂಡುತ್ತದೆ. ಗಾಜಿನ ಸುತ್ತಲ ಬೀಡಿಂಗ್, ವೈರು ಹಾದುಹೋಗುವ ಕಡೆಯ ರಬ್ಬರ್ ಬಿರಡೆಗಳು, ಚಾವಣಿ ಅಂಚಿನ ಕಾಲುವೆಯಲ್ಲಿ ಬಿರುಕುಬಿಟ್ಟ ಸೀಲರ್, ಹಿಂದಿನ ಲೈಟಿನ ವಾಷರ್, ಎಲ್ಲಕ್ಕೂ ವಯಸ್ಸಾಗಿದೆ. ಮೇ ತಿಂಗಳ ಲೂ ಗಾಳಿ ರಬ್ಬರನ್ನು ಹಪ್ಪಳ ಮಾಡುತ್ತದೆ, ಜುಲೈ ಮಳೆ ಅದನ್ನು ಪರೀಕ್ಷಿಸುತ್ತದೆ. ದುರ್ಗಾಕುಂಡದ ಕಡೆ ನಿಲ್ಲಿಸಿದರಂತೂ ಮಂಗಗಳೇ ಬೀಡಿಂಗ್ ಎಳೆದು ಆಡುತ್ತವೆ, ಅದಕ್ಕೆ ನನ್ನ ಹತ್ತಿರ ಔಷಧಿಯಿಲ್ಲ. ಬೀಡಿಂಗ್ ಹೋಗಿದ್ದರೆ ಹೊಸದನ್ನೇ ಹಾಕಿಸು. ಮೇಲಿಂದ ಸಿಲಿಕೋನ್ ಬಳಿಸಿಕೊಂಡರೆ ಮುಂದಿನ ಸಲ ನಿಜವಾದ ಕೆಲಸ ಮಾಡುವವನು ನಿನ್ನನ್ನು ಬೈಯುತ್ತಾನೆ.

ಒಂದು ವಿಷಯ ಖಡಾಖಂಡಿತವಾಗಿ ಹೇಳುತ್ತೇನೆ: ಆಕ್ಸೆಸರಿ ಅಂಗಡಿಯವರು ನೆಲಕ್ಕೆ ಹೊದಿಸುವ ಆ 'ಲ್ಯಾಮಿನೇಷನ್' ಕಿತ್ತು ಹಾಕಿಸು. ಒರೆಸಲು ಸುಲಭ ಅಂತ ಹಾಕಿಸುತ್ತಾರೆ. ಅಡಿಗೆ ಸೇರಿದ ನೀರಿಗೆ ಆವಿಯಾಗಿ ಹೋಗುವ ಅವಕಾಶವನ್ನೂ ಅದು ಕಸಿದುಕೊಳ್ಳುತ್ತದೆ. ಕಾರ್ಪೆಟ್ಟು, ಫೆಲ್ಟು ಮಹಡಿ ಮೇಲೆ ಹರಡಿ ಪೂರ್ತಿ ಒಣಗಿಸು. ಕೊಳೆತ ಫೆಲ್ಟು ಎಸೆದುಬಿಡು, ಅದಕ್ಕೆ ದುಡ್ಡು ಉಳಿಸಬೇಡ. ಗಾಳಿಯಾಡದ ಪ್ಲಾಸ್ಟಿಕ್ ಕವರ್ ಹೊದಿಸುವುದಕ್ಕಿಂತ ಗಾಡಿ ಬರಿಮೈಯಲ್ಲಿ ನಿಲ್ಲುವುದೇ ಮೇಲು.

ಈಗ ತುಕ್ಕು. ತಂತಿ ಬ್ರಷ್ಷಿನಿಂದ ಉಜ್ಜು, ಆಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತು, ಹಿಡಿಯಿಂದ ತಟ್ಟು. ಠಣ್ ಅಂದರೆ ತಗಡು ಇದೆ. ಮಂದವಾಗಿ ಸದ್ದು ಬಂದರೆ, ತುದಿ ಒಳಗಿಳಿದರೆ, ಇಲ್ಲ. ಮೇಲ್ಮೈ ತುಕ್ಕಷ್ಟೇ ಆದರೆ ಲೋಹ ಹೊಳೆಯುವವರೆಗೆ ಉಜ್ಜಿ, ಕುಳಿಗಳಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ, ಪ್ರೈಮರು, ಪೇಂಟು, ಜೋಡಣೆಗಳಿಗೆ ಸೀಲರ್. ನೀನೇ ಎರಡು ಭಾನುವಾರದಲ್ಲಿ ಮಾಡಿಕೊಳ್ಳಬಹುದು. ತೂತು ಬಿದ್ದಿದ್ದರೆ ಎಲ್ಲಿ ಅಂತ ನೋಡು. ಕಾಲಿಡುವ ಜಾಗದ ನಡುಮಧ್ಯೆ ಅಂಗೈ ಅಗಲದ ತೂತು ದೊಡ್ಡ ಮಾತಲ್ಲ. ಆದರೆ 800ಕ್ಕೆ ಬೇರೆ ಚಾಸಿ ಇಲ್ಲ, ನೆಲ, ಬಾಗಿಲ ಕೆಳಗಿನ ಪೆಟ್ಟಿಗೆ, ಅಡ್ಡಪಟ್ಟಿ ಎಲ್ಲ ಸೇರಿಯೇ ಅದರ ಬೆನ್ನು. ಸೀಟು ಕೂತಿರುವ ಕಡೆ, ಸೀಟ್‌ಬೆಲ್ಟ್ ಬೋಲ್ಟಿನ ಕಡೆ, ಜಾಕ್ ಕೊಡುವ ಕಡೆ ಪುಡಿಯಾಗಿದ್ದರೆ ನಿಮ್ಮಪ್ಪನ ನೆನಪು ಎಷ್ಟೇ ದೊಡ್ಡದಿರಲಿ, ಆ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿ ಹೈವೇಗೆ ಇಳಿಯಬೇಡ. ಅಂಥ ಕಡೆ ಒಂದೆರಡು ಮಾತ್ರ ಇದ್ದರೆ ಬಲ್ಲವನಿಂದ ಮಾಡಿಸು. ಎಲ್ಲ ಕಡೆ ಇದ್ದರೆ ಸ್ಕ್ರ್ಯಾಪ್‌ಗೆ ಕೊಡು.

ಡೆಂಟರ್ ಹತ್ತಿರ ಮಾತು ಮೊದಲೇ ಆಗಲಿ. ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಬೇಕು, 20 ಗೇಜಿನ ಹೊಸ ತಗಡು, ಅಂದರೆ ಸುಮಾರು 0.9 ಮಿಲಿಮೀಟರಿನದು, ಸುತ್ತಲೂ ಬೆಸೆಯಬೇಕು. ಹಳೆಯದರ ಮೇಲೆ ಹೊಸದನ್ನು ಹೊದಿಸಿದರೆ ನಡುವೆ ನೀರು ಕೂತು ಎರಡನ್ನೂ ತಿನ್ನುತ್ತದೆ. ತೆಳು ತಗಡಿಗೆ ಗ್ಯಾಸ್ ವೆಲ್ಡಿಂಗಿಗಿಂತ ಸಿಒ2 ವೆಲ್ಡಿಂಗ್ ಮೇಲು, ಶಾಖ ಹರಡಿ ಸೊಟ್ಟಗಾಗುವುದು ಕಡಿಮೆ. ಬ್ಯಾಟರಿ ಬಿಚ್ಚಿಸು, ಕಾರ್ಪೆಟ್, ಸೀಟು ಹೊರಗಿರಲಿ. ಪೆಟ್ರೋಲ್ ಟ್ಯಾಂಕು, ಪೈಪು ಹತ್ತಿರವೇ ಇವೆ ಅಂತ ಅವನಿಗೆ ನೆನಪಿಸು, ಬೇಕಾದರೆ ಇಳಿಸಲಿ. ಮುಖ್ಯವಾಗಿ, ಬೆಸೆದದ್ದನ್ನು ನೀನು ಕಣ್ಣಾರೆ ನೋಡುವವರೆಗೆ ಪುಟ್ಟಿ, ಕಪ್ಪು ಕೋಟಿಂಗ್ ಯಾವುದನ್ನೂ ಬಳಿಯಕೂಡದು. ಫೈಬರ್ ತುಂಡು ಅಂಟಿಸಿ ಮೇಲೆ ಕಪ್ಪು ಬಳಿದರೆ ಆರು ತಿಂಗಳು ಯಾರಿಗೂ ಗೊತ್ತಾಗುವುದಿಲ್ಲ. ತುಕ್ಕಿನ ಮೇಲೇ ಬಳಿದ ಅಂಡರ್‌ಕೋಟಿಂಗ್ ತುಕ್ಕಿಗೆ ರಕ್ಷಣೆ, ಗಾಡಿಗಲ್ಲ. ಕೆಲಸ ಮುಗಿದ ಮೇಲೆ ತೂತುಗಳು ಮುಚ್ಚಿಹೋಗಿಲ್ಲ ತಾನೇ ಅಂತ ಅದೇ ತಂತಿ ಹಾಕಿ ನೋಡು. ನೆಲದಡಿ ಓಡುವ ಬ್ರೇಕ್ ಪೈಪುಗಳನ್ನು ಅವತ್ತೇ ತೋರಿಸು. ನೆಲ ತುಕ್ಕು ಹಿಡಿದ ಗಾಡಿಯಲ್ಲಿ ಅವು ಮಾತ್ರ ಹೊಸದಾಗಿರುವುದಿಲ್ಲ. ಈ ಕೆಲಸಕ್ಕೆಲ್ಲ ಒಳ್ಳೆ ಕಾಲ ಏಪ್ರಿಲ್, ಮೇ. ಪೇಂಟು ಒಣಗುತ್ತದೆ, ಮಳೆಗೆ ಇನ್ನೂ ಸಮಯವಿರುತ್ತದೆ.

ಇನ್ನು ಗಂಗೆ. ನೀನಿರುವುದು ಸಾಮನೆ ಘಾಟ್ ಕಡೆ, ಅದು ತಗ್ಗು. ಇಲ್ಲಿ ಅಪಾಯದ ಮಟ್ಟ 71.262 ಮೀಟರ್, ಎಚ್ಚರಿಕೆಯ ಮಟ್ಟ ಅದಕ್ಕಿಂತ ಸರಿಯಾಗಿ ಒಂದು ಮೀಟರ್ ಕೆಳಗೆ. 1978ರಲ್ಲಿ 73.901ಕ್ಕೆ ಏರಿತ್ತು, ಇವತ್ತಿಗೂ ಅದೇ ದಾಖಲೆ. ಗಂಗೆ ಹೇಳದೆ ಕೇಳದೆ ಬರುವವಳಲ್ಲ, ಗಂಟೆಗೆ ಕೆಲವು ಸೆಂಟಿಮೀಟರ್ ಲೆಕ್ಕದಲ್ಲಿ ಏರುತ್ತಾಳೆ, ಆಗಸ್ಟ್ ಬಂದರೆ ಪೇಪರಿನಲ್ಲಿ ದಿನವೂ ಬರುತ್ತದೆ. ಸಂಖ್ಯೆ 70 ಮುಟ್ಟಿದ ದಿನ ಗಾಡಿಯನ್ನು ನಮ್ಮ ಮನೆ ಹತ್ತಿರ ತಂದು ನಿಲ್ಲಿಸು. ಮೋಸ ಮಾಡುವುದು ರಸ್ತೆಯಲ್ಲಿ ನಿಲ್ಲುವ ಮಳೆನೀರು. ಅದು ಅರ್ಧ ಗಂಟೆಯಲ್ಲಿ ಬಾಗಿಲವರೆಗೆ ಬರುತ್ತದೆ. ನೀರು ಒಳಹೊಕ್ಕ ಗಾಡಿಗೆ ಕೀಲಿ ತಿರುಗಿಸಲೇಬೇಡ. ಸಿಲಿಂಡರಿಗೆ ನೀರು ಸೇರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಸ್ಟಾರ್ಟ್ ಮಾಡಿ ಕೆಡಿಸಿಕೊಂಡ ಎಂಜಿನ್ನಿಗೆ ಸಾಮಾನ್ಯ ಪಾಲಿಸಿಯಲ್ಲಿ ವಿಮೆ ಸಿಗುವುದೂ ಕಷ್ಟ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಏನೂ ಇಲ್ಲ. ಬ್ಯಾಟರಿ ಬಿಚ್ಚಿ, ಎಳೆಸಿಕೊಂಡು ಹೋಗು. ನೆರೆಯ ಕೆಸರು ಒಣಗುವ ಮೊದಲೇ ಒಳ್ಳೆ ನೀರಿನಲ್ಲಿ ತೊಳೆಸು. ಒಣಗಿದ ಹೂಳು ಪೆಟ್ಟಿಗೆಗಳೊಳಗೆ ಗಟ್ಟಿಯಾಗಿ ಕೂತು ಪ್ರತಿ ಮಳೆಗೂ ನೀರು ಹೀರುತ್ತದೆ.

ಕೊನೆಗೆ ಕಾಗದಪತ್ರ. ನಂಬರ್ ಪ್ಲೇಟ್ ಇನ್ನೂ ಕೆಎ 09. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಬೇಕು, ಅದಕ್ಕೆ ಮೈಸೂರು ಆರ್‌ಟಿಒದಿಂದ ಎನ್‌ಒಸಿ ಬೇಕು. ಗಾಡಿ 2006ರದ್ದು, 15 ವರ್ಷ ದಾಟಿದೆ, ಆರ್‌ಸಿ ನವೀಕರಣ ಆಗಿದೆಯೋ ಇಲ್ಲವೋ ಅಪ್ಪನನ್ನು ಕೇಳು. ಆಗಿದ್ದರೂ ಅದು ಐದೇ ವರ್ಷಕ್ಕೆ. ಮುಂದಿನ ಸಲ ಫಿಟ್‌ನೆಸ್‌ಗೆ ಗಾಡಿ ತೋರಿಸಬೇಕಾಗುತ್ತದೆ. ಹಾಗಾಗಿ ಎನ್‌ಒಸಿಗೆ ಈಗಲೇ ಬರೆದುಹಾಕು, ಅದು ಬರುವುದರೊಳಗೆ ನೆಲದ ಕೆಲಸ ಮುಗಿಸಬಹುದು. ಭಾನುವಾರ ಬೆಳಿಗ್ಗೆ ಬಂದರೆ ನಾನು ಟಾರ್ಚ್ ಹಿಡಿದು ಒಳಗೆ ಕೂರುತ್ತೇನೆ. ಪೈಪು ಹಿಡಿಯುವುದು ನೀನು, ನನ್ನ ಸೊಂಟ ಈಗ ಬಗ್ಗುವುದಿಲ್ಲ.