ಸೋರಿದರೂ ಕಾಣದ ಜೋಡಣೆ: ‘ಬಲ ಮತ್ತು ಒತ್ತಡ’ಕ್ಕೆ ಬಡಗಿಶಾಲೆಯಿಂದ ಒಂದು ಪಾಠ

ಎಂಟನೇ ತರಗತಿಯ ‘ಬಲ ಮತ್ತು ಒತ್ತಡ’ ಘಟಕದಲ್ಲಿ ವಾಯುಮಂಡಲದ ಒತ್ತಡವನ್ನು ಕಲಿಸಲು ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ರಬ್ಬರ್ ಹೀರುಬಟ್ಟಲನ್ನೋ ನೀರಿನ ಲೋಟವನ್ನೋ ಹಿಡಿದು ಹೋಗುತ್ತೇವೆ. ಸಿದ್ದಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕಿದ್ದಾಗ ನಾನು ಒಯ್ದದ್ದು ಒಂದು ಸ್ಯಾಂಡರ್ ಮತ್ತು ಹಳೆಯ ವ್ಯಾಕ್ಯೂಮ್ ಕ್ಲೀನರ್. ಎರಡನ್ನೂ ಶಿರಸಿಯ ಬಡಗಿಯೊಬ್ಬರು ಎರಡು ದಿನಕ್ಕೆ ಕೊಟ್ಟಿದ್ದರು. ತರಗತಿಯಲ್ಲಿ ಐವರು ಬಡಗಿಗಳ ಮನೆಯ ಮಕ್ಕಳಿದ್ದುದೇ ಈ ಆಯ್ಕೆಗೆ ಕಾರಣ.

ಇನ್ನೊಂದು ಕಾರಣವೂ ಇತ್ತು. ಶಿರಸಿ, ಸಿದ್ದಾಪುರದ ಗುಡಿಗಾರರು ಗಂಧದ ಮರ ಕೆತ್ತುವಾಗ ಉಳಿಯಿಂದ ಬೀಳುವುದು ಹೆಚ್ಚಾಗಿ ಚಕ್ಕೆ. ಅದು ನೆಲಕ್ಕೆ ಬೀಳುತ್ತದೆ, ಗುಡಿಸಿದರೆ ಮುಗಿಯಿತು. ಸ್ಯಾಂಡರ್ ಎಬ್ಬಿಸುವ ಧೂಳು ಹಾಗಲ್ಲ. ಅದರಲ್ಲಿ ಅತಿ ಸಣ್ಣದು ಕಣ್ಣಿಗೆ ಕಾಣದೆ ಗಾಳಿಯಲ್ಲೇ ತೇಲುತ್ತದೆ, ಶ್ವಾಸಕೋಶದ ಆಳಕ್ಕೂ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ 1995ರಲ್ಲೇ ಸೇರಿಸಿದೆ. ಈ ಮಾತನ್ನು ನಾನು ಮಕ್ಕಳ ಮುಂದೆ ಹೀಗೇ ಆಡಲಿಲ್ಲ. ಅಪ್ಪನ ಕಸುಬೇ ರೋಗ ಎಂದು ಕೇಳಿಸಿಕೊಂಡು ಮಗು ಮನೆಗೆ ಹೋಗಬಾರದು. ತಡೆಯುವ ದಾರಿಯನ್ನು ಕೈಯಲ್ಲಿ ಕೊಟ್ಟ ಮೇಲೆ ಅಪಾಯ ಹೇಳುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಪೂರ್ವಜ್ಞಾನ ಪರೀಕ್ಷೆಗೆ ಅಡಿಕೆ ತೋಟವೇ ಸಾಕಾಯಿತು. ಸ್ಪ್ರಿಂಕ್ಲರ್ ಲೈನು, ರೆಡ್ಯೂಸರ್, ಜೋಡಣೆ ಸಡಿಲವಾದರೆ ಚಿಮ್ಮುವ ನೀರು ಇದೆಲ್ಲ ಈ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ತೊಡಕಿದ್ದದ್ದೂ ಅಲ್ಲೇ. “ಧೂಳಿನ ಪೈಪಿನ ಜೋಡಣೆ ಸಡಿಲಾದರೆ ಏನಾಗ್ತದೆ?” ಎಂದಾಗ ಇಡೀ ತರಗತಿ “ಧೂಳು ಹೊರಗೆ ಬರ್ತದೆ ಸರ್” ಎಂದಿತು. ನೀರಿನ ಪೈಪಿನಲ್ಲಿ ಒಳಗಿನ ಒತ್ತಡ ಹೆಚ್ಚು, ಆದ್ದರಿಂದ ನೀರು ಹೊರಗೆ ಬರುತ್ತದೆ. ಹೀರುವ ಪೈಪಿನಲ್ಲಿ ಒಳಗಿನ ಒತ್ತಡ ಕಡಿಮೆ. ಹೊರಗಿನ ಗಾಳಿಯೇ ಸಂದಿನಿಂದ ಒಳಗೆ ನುಗ್ಗುತ್ತದೆ. ಏನೂ ಚೆಲ್ಲುವುದಿಲ್ಲ. ಸ್ಯಾಂಡರಿನ ತಳದಿಂದ ಹೋಗಬೇಕಾದ ಗಾಳಿಯ ಪಾಲನ್ನು ಈ ಸಂದು ಕದಿಯುತ್ತದೆ, ಧೂಳು ತಳದಲ್ಲೇ ಉಳಿಯುತ್ತದೆ. ಬಡಗಿಗೆ ಮಾತ್ರ ಮಷಿನ್ ಚೆನ್ನಾಗಿ ಎಳೆಯುತ್ತಿದೆ ಎಂದೇ ಅನ್ನಿಸುತ್ತದೆ, ಏಕೆಂದರೆ ಸದ್ದು ಕಡಿಮೆಯಾಗಿರುವುದಿಲ್ಲ.

ಹೇಳಿದರೆ ಮಕ್ಕಳು ನಂಬಲಿಲ್ಲ. ಸ್ಯಾಂಡರಿನ ಪ್ಲಗ್ ತೆಗೆದಿಟ್ಟು, ವ್ಯಾಕ್ಯೂಮ್ ಮಾತ್ರ ಚಾಲು ಮಾಡಿ, ತೆಳು ಕಾಗದದ ಎಳೆಯನ್ನು ಜೋಡಣೆಯ ಬಳಿ ಹಿಡಿಸಿದೆ. ಎಳೆ ಒಳಮುಖವಾಗಿ ಬಾಗಿತು. ಸ್ಯಾಂಡರಿನ ತಳದಲ್ಲಿ ಹಿಡಿದರೆ ಸ್ವಲ್ಪವೇ ಅಲುಗಿತು. ಊದುಬತ್ತಿಯ ಹೊಗೆ ಇನ್ನೂ ಚೆನ್ನಾಗಿ ಕಾಣುತ್ತದೆ, ಆದರೆ ಹೊಟ್ಟು ತುಂಬಿದ ಡಬ್ಬಿಗೆ ಕಿಡಿ ಹೋದರೆ ಬೆಂಕಿ. ಅದನ್ನು ಯಾರೂ ಬಳಸಬೇಡಿ. ಕಬ್ಬಿಣ ಉಜ್ಜುವ ಗ್ರೈಂಡರಿಗೆ ಇದೇ ಪೈಪು ಜೋಡಿಸಬಾರದೆಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ನಂತರ ಲೆಕ್ಕ. ಪೈಪಿನ ಒಳವ್ಯಾಸ 35 ಮಿ.ಮೀ. ಸ್ಯಾಂಡರಿನ ಕೊಳವೆಯ ಸುತ್ತ ದಾರ ಸುತ್ತಿ ಅಳೆದಾಗ ಪರಿಧಿ 99 ಮಿ.ಮೀ.; 22/7ರಿಂದ ಭಾಗಿಸಿದರೆ ಹೊರವ್ಯಾಸ 31.5. ಸುತ್ತಲೂ ಎರಡು ಮಿ.ಮೀ. ಕೂಡ ಇಲ್ಲದ ಸಂದು. “ಇಷ್ಟೇ ಅಲ್ಲವಾ ಸರ್” ಎಂದರು. ಎರಡು ವೃತ್ತಗಳ ವಿಸ್ತೀರ್ಣದ ವ್ಯತ್ಯಾಸ ತೆಗೆಸಿದೆ: ಸುಮಾರು 183 ಚದರ ಮಿ.ಮೀ. ಅಂದರೆ ಪೈಪಿನಲ್ಲಿ 15 ಮಿ.ಮೀ. ವ್ಯಾಸದ ತೂತು ಕೊರೆದಂತೆ! ಈ ಉತ್ತರ ಬಂದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು. ಗಣಿತದ ಅವಧಿಯನ್ನು ಕೇಳಿ ಪಡೆದದ್ದು ಇದಕ್ಕೇ.

ಪರಿಹಾರ ಮಕ್ಕಳಿಂದಲೇ ಬಂತು: ಹಳೆಯ ಸೈಕಲ್ ಟ್ಯೂಬಿನ ತುಂಡು. ಅರ್ಧ ಕೊಳವೆಯ ಮೇಲೆ, ಅರ್ಧ ಪೈಪಿನ ಮೇಲೆ ಎಳೆದು, ಎರಡೂ ತುದಿಗೆ ಕ್ಲಿಪ್ ಬಿಗಿದೆವು. ಈಗ ಕಾಗದ ಸ್ಯಾಂಡರಿನ ತಳಕ್ಕೆ ಅಂಟಿಕೊಂಡಿತು. ಪಾಲಿಶ್ ಪೇಪರಿನ ತೂತುಗಳು ತಳದ ತೂತುಗಳಿಗೆ ಕೂಡದಿದ್ದರೆ ಇಷ್ಟೆಲ್ಲ ಮಾಡಿಯೂ ದಂಡ ಎಂಬುದನ್ನು ಪೇಪರ್ ತಿರುಗಿಸಿ ತೋರಿಸಿದೆ.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. “ನಮ್ಮ ಅಪ್ಪಂಗೂ ಪೈಪ್ ಉಂಟು ಸರ್. ಕೈಗೆ ಅಡ್ಡ ಬರ್ತದೆ, ಮಷಿನ್ ಎಳೀತದೆ ಅಂತ ತೆಗೆದಿಡ್ತಾರೆ.” ಪಾಠಯೋಜನೆಯಲ್ಲಿ ಇದಕ್ಕೆ ಜಾಗವಿರಲಿಲ್ಲ, ಆದರೆ ಇಡೀ ಪಾಠದ ಅತ್ಯಂತ ನಿಜವಾದ ಪ್ರಶ್ನೆ ಇದೇ. ಬಡಗಿ ಪೈಪು ಬಿಡುವುದು ಅಜ್ಞಾನದಿಂದಲ್ಲ. ನೆಲದ ಮೇಲೆ ಬಿದ್ದ ಪೈಪು ಮೇಜಿನ ಅಂಚಿಗೆ ಸಿಕ್ಕಿ ಕೈಯ ಹಿಡಿತ ತಪ್ಪಿಸುತ್ತದೆ. ಗರಗಸದ ಮಷಿನ್ ಆದರೆ ಅದು ಅಪಾಯವೇ. ಮಾಡಿನ ತೊಲೆಗೆ ಹಗ್ಗ ಕಟ್ಟಿ ಪೈಪನ್ನು ಮೇಲಿನಿಂದ ಇಳಿಬಿಡಬೇಕು, ವೈರನ್ನು ಅದರ ಜೊತೆಗೇ ಕಟ್ಟಬೇಕು, ಸ್ವಿಚ್ ಹಾಕುವ ಮೊದಲು ಕೊಯ್ಯುವಷ್ಟು ಉದ್ದಕ್ಕೂ ಒಮ್ಮೆ ಮಷಿನ್ ಸರಿಸಿ ನೋಡಬೇಕು. ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ಆ ಹುಡುಗನಿಂದಲೇ ಮಾಡಿಸಿದೆ. ಒಂದು ಅವಧಿಗೆಂದು ಬರೆದ ಪಾಠ ಎರಡಾಯಿತು.

ಯಲ್ಲಾಪುರದಲ್ಲಿದ್ದ ನನ್ನ ಸಹಪಾಠಿ ಇದೇ ಪಾಠ ಮಾಡಿದಾಗ ವಿದ್ಯುತ್ ಇರಲಿಲ್ಲ. ಅವರು ಪಾನೀಯದ ಸ್ಟ್ರಾಗೆ ಸೂಜಿಯಿಂದ ತೂತು ಮಾಡಿ, ನೀರು ಹೀರಿಸಿ ತೋರಿಸಿದರಂತೆ. ಅದೂ ಸಾಕು.

ಮೌಲ್ಯಮಾಪನಕ್ಕೆ ವ್ಯಾಖ್ಯೆ ಕೇಳಲಿಲ್ಲ. ದಾರ ಕೊಟ್ಟು, ಮನೆಯಲ್ಲೋ ನೆರೆಯಲ್ಲೋ ಇರುವ ಮಷಿನ್ನಿನ ಕೊಳವೆ ಅಳೆದು, ಜೋಡಣೆಯ ಸಂದಿನ ವಿಸ್ತೀರ್ಣ ಬರೆದು ತರಲು ಹೇಳಿದೆ. ಪ್ಲಗ್ ತೆಗೆದು, ದೊಡ್ಡವರು ಎದುರಿಗಿದ್ದಾಗ ಮಾತ್ರ. ಒಬ್ಬಳು ಮೂರು ಮಷಿನ್‌ಗಳ ಅಳತೆ ತಂದಳು. ಮೂರೂ ಬೇರೆಬೇರೆ.